ಪಾವಗಡದ ಹಲ್ಲು, ಬೆಂಗಳೂರಿನ ನಗು

ಮುಖ ಚೆಂದ ಮಾಡಿಕೊಡುವ ಕ್ಲಿನಿಕ್ಕುಗಳ ದರಪಟ್ಟಿಯಲ್ಲಿ ಈಗ ತುಟಿ, ಕೆನ್ನೆ, ಗದ್ದ, ಹಲ್ಲು ಎಲ್ಲವೂ ಒಂದೇ ಹಾಳೆಗೆ ಬಂದಿವೆ. ತುಟಿಗೆ ಫಿಲ್ಲರ್, ನಕ್ಕಾಗ ಒಸಡು ಕಾಣದಿರಲು ಬೊಟಾಕ್ಸ್, ಹಲ್ಲಿಗೆ ವೆನಿಯರ್. ಮೂರೂ ಸೇರಿದರೆ ‘ಸ್ಮೈಲ್ ಮೇಕ್‌ಓವರ್’. ಬೆಂಗಳೂರಿನ ಈ ಪ್ಯಾಕೇಜು ಮೊಬೈಲಿನೊಳಗೆ ಕೂತು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹುಡುಗ ಹುಡುಗಿಯರ ಕೈಗೂ ಬಂದಿದೆ. ಅದರ ಮೇಲೆ ಅವರ ಕಣ್ಣು ಬೀಳಲು ಬೇರೆ ಊರಿನವರಿಗಿಲ್ಲದ ಕಾರಣವೊಂದಿದೆ. ಇಲ್ಲಿ ಬೋರ್‌ವೆಲ್ ನೀರು ಕುಡಿದು ಬೆಳೆದ ಬಹಳ ಮಂದಿಯ ಮುಂದಿನ ಹಲ್ಲುಗಳ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಕಂದು ಪಟ್ಟೆ, ಕೆಲವರಿಗೆ ಸಣ್ಣ ಸಣ್ಣ ಗುಳಿ. ಫೋಟೊ ತೆಗೆಯುವಾಗ ತುಟಿ ಬಿಗಿಹಿಡಿಯುವುದು, ನಗು ಬಂದರೆ ಕೈ ಅಡ್ಡ ತರುವುದು ಇಲ್ಲಿ ಚಿಕ್ಕಂದಿನಿಂದಲೇ ರೂಢಿಯಾಗುತ್ತದೆ.

ಈ ಚೆಂದದ ಚಿಕಿತ್ಸೆಗಳನ್ನು ನಾವು ಅಳೆಯುತ್ತಿರುವುದು ಮುಗಿದ ದಿನ ತೆಗೆದ ಫೋಟೊದಿಂದ. ಅಳೆಯಬೇಕಾದ್ದು ಇನ್ನೊಂದು ಪ್ರಶ್ನೆಯಿಂದ: ಇದು ಕೆಟ್ಟರೆ ಹಿಂದಕ್ಕೆ ಬರಲು ದಾರಿ ಉಂಟೇ? ಹಾಗೆ ಅಳೆದರೆ, ಎಲ್ಲರೂ ಹೆದರುವ ಫಿಲ್ಲರ್‌ಗಿಂತ ಯಾರೂ ಹೆದರದ ಹಲ್ಲಿನ ಕ್ಯಾಪು ಕೆಳಗಿನ ದರ್ಜೆಗೆ ಇಳಿಯುತ್ತದೆ.

ಮೊದಲು ಫಿಲ್ಲರ್. ಹೆಚ್ಚಾಗಿ ಬಳಸುವುದು ಹೈಯಲೂರಾನಿಕ್ ಆಮ್ಲದ ಜೆಲ್. ಈ ವಸ್ತುವನ್ನು 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಹಸುವಿನ ಕಣ್ಣಿನೊಳಗಿನ ದ್ರವದಿಂದ ಬೇರ್ಪಡಿಸಿದರು. ನಮ್ಮ ಚರ್ಮದಲ್ಲೂ ಅದು ಇದ್ದೇ ಇದೆ. ಸಿರಿಂಜಿಗಿಷ್ಟು, ಮಿಲಿಲೀಟರಿಗಿಷ್ಟು ಎಂದು ಬಿಲ್ಲು. ಹಾಕಿಸಿಕೊಂಡವರ ಅಸಮಾಧಾನಗಳಿಗೂ ಒಂದು ಮಾದರಿ ಇದೆ: ಎಡ ಬಲ ಸಮ ಇಲ್ಲ, ಒಳಗೆ ಗಂಟು ಕೈಗೆ ಸಿಗುತ್ತದೆ, ಜೆಲ್ ತುಟಿಯ ಗೆರೆ ದಾಟಿ ಮೇಲಕ್ಕೆ ಸರಿದು ಮೇಲ್ದುಟಿ ಊದಿದಂತೆ ಕಾಣುತ್ತದೆ, ತೀರ ಮೇಲ್ಪದರಕ್ಕೆ ಚುಚ್ಚಿದ್ದರೆ ಚರ್ಮದಡಿ ನೀಲಿ ಛಾಯೆ ಮೂಡುತ್ತದೆ. ಜೆಲ್ ರಕ್ತನಾಳಕ್ಕೆ ಹೊಕ್ಕರೆ ಚರ್ಮ ಸಾಯಬಹುದು. ಮೂಗು, ಹುಬ್ಬುಗಳ ನಡುವಿನ ಜಾಗದಲ್ಲಿ ಹೀಗಾದರೆ, ಅಪರೂಪಕ್ಕೆ, ಕಣ್ಣೇ ಹೋಗಬಹುದು. ಬ್ಯೂಟಿ ಪಾರ್ಲರಿನ ಹಿಂದಿನ ಕೋಣೆಯಲ್ಲಿ ಮಾಡಿಸುವ ಕೆಲಸ ಇದಲ್ಲ. ಆದರೂ ಇದರ ಪರವಾಗಿ ಒಂದು ಮಾತು ಹೇಳಲೇಬೇಕು. ಹೈಯಲೂರಾನಿಡೇಸ್ ಎಂಬ ಕಿಣ್ವವನ್ನು ಚುಚ್ಚಿದರೆ ಈ ಜೆಲ್ ಕರಗುತ್ತದೆ. ಸಿಲಿಕೋನ್, ಕ್ಯಾಲ್ಸಿಯಂ ಬೆರೆತ ಫಿಲ್ಲರುಗಳು ಹಾಗೆ ಕರಗುವುದಿಲ್ಲ. ಹೈಯಲೂರಾನಿಕ್‌ಗೆ ಮಾತ್ರ ಈ ಬಾಗಿಲು ತೆರೆದಿದೆ. ಸುಮ್ಮನಿದ್ದರೂ ಕಾಲಕ್ರಮದಲ್ಲಿ ದೇಹ ಅದನ್ನು ಬಹುಮಟ್ಟಿಗೆ ಅರಗಿಸಿಕೊಳ್ಳುತ್ತದೆ.

ಫಿಲ್ಲರ್ ತುಂಬಬಲ್ಲುದು, ಉಬ್ಬಿಸಬಲ್ಲುದು, ಅಷ್ಟೇ. ಪಾವಗಡದ ಹುಡುಗಿ ಮುಚ್ಚಿಕೊಳ್ಳುತ್ತಿದ್ದುದು ಹಲ್ಲು. ತುಟಿ ತುಂಬಿಕೊಂಡ ಮೇಲೆ ನೋಡುವವರ ಕಣ್ಣು ಬಾಯಿಗೇ ಹೋಗುತ್ತದೆ, ಅಲ್ಲಿ ಸಿಗುವುದು ಅದೇ ಕಂದು ಪಟ್ಟೆ. ಡಾಕ್ಟರ ಕೈ ಚೆನ್ನಾಗಿದ್ದರೂ ಇಂಥ ಚಿಕಿತ್ಸೆ ತೃಪ್ತಿ ಕೊಡುವುದಿಲ್ಲ. ಆಗ ಪ್ಯಾಕೇಜಿನ ಎರಡನೆಯ ಭಾಗ ಶುರು.

ಕಲೆಯ ಮೂಲ ನೆಲದಲ್ಲಿದೆ. ಈ ನಾಲ್ಕೂ ತಾಲ್ಲೂಕು ಗ್ರಾನೈಟ್, ನೈಸ್ ಬಂಡೆಯ ಬಯಲು; ಮಳೆ ಕಡಿಮೆ, ಅಂತರ್ಜಲ ಆಳಕ್ಕೆ ಇಳಿದಿದೆ, ಬಂಡೆಯ ಫ್ಲೋರೈಡು ನೀರಿಗೆ ಬರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಗತಿಯಿಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಹಲ್ಲು ದವಡೆಯೊಳಗೆ ರೂಪುಗೊಳ್ಳುತ್ತಿರುವಾಗ ಹೆಚ್ಚು ಫ್ಲೋರೈಡು ಹೊಟ್ಟೆ ಸೇರಿದರೆ ಎನಾಮೆಲ್ ಸರಿಯಾಗಿ ಗಟ್ಟಿಯಾಗುವುದಿಲ್ಲ; ಇದೇ ಹಲ್ಲಿನ ಫ್ಲೋರೋಸಿಸ್. ಎಂಟು ವರ್ಷದ ಹೊತ್ತಿಗೆ ಕಣ್ಣಿಗೆ ಬೀಳುವ ಹಲ್ಲುಗಳ ಎನಾಮೆಲ್ ಮುಗಿದಿರುತ್ತದೆ. ಆಮೇಲೆ ಶುದ್ಧ ನೀರಿನ ಘಟಕದಿಂದ ಕ್ಯಾನು ಹೊತ್ತು ತಂದರೆ ಮೂಳೆಗೆ ಲಾಭ. ಹಲ್ಲಿನ ಕಲೆ ಕದಲುವುದಿಲ್ಲ. ನೆರೆಯ ಆಂಧ್ರದ ಕಡೆಯೂ ಇದು ಹಳೆಯ ಕಥೆ: ಭಾರತದಲ್ಲಿ ಫ್ಲೋರೋಸಿಸ್ ಮೊದಲು ವರದಿಯಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ.

ಕಲೆ ಹಲ್ಲಿನ ಒಳಗೇ ಇರುವುದರಿಂದ ಇದ್ದಿಲು, ಇಟ್ಟಿಗೆ ಪುಡಿ, ಸೋಡಾ ನಿಂಬೆಹಣ್ಣು ಹಾಕಿ ಉಜ್ಜಿದರೆ ಎನಾಮೆಲ್ ಸವೆಯುವುದೊಂದೇ ಲಾಭ. ದಂತವೈದ್ಯರಲ್ಲಿ ‘ಕ್ಲೀನಿಂಗ್’ ಮಾಡಿಸಿದರೂ ಹೋಗುವುದು ಮೇಲೆ ಕಟ್ಟಿದ ಪಾಚಿ ಮಾತ್ರ. ದುಡ್ಡು ಕೊಟ್ಟೂ ಕಲೆ ಹಾಗೇ ಉಳಿಯಿತು ಎಂಬ ಮೊದಲ ನಿರಾಸೆ ಹುಟ್ಟುವುದು ಇಲ್ಲೇ. ಎರಡನೆಯದು ಬ್ಲೀಚಿಂಗ್. ಪೆರಾಕ್ಸೈಡ್ ಜೆಲ್ ಕಂದು ಬಣ್ಣವನ್ನು ತಿಳಿಗೊಳಿಸುತ್ತದೆ, ಆದರೆ ಸುಣ್ಣದ ಮಚ್ಚೆಗಳು ಹಾಗೇ ಉಳಿಯುತ್ತವೆ. ಕೆಲವೊಮ್ಮೆ ಮೊದಲಿಗಿಂತ ಎದ್ದು ಕಾಣುತ್ತವೆ. ತಣ್ಣೀರು ಬಿದ್ದರೆ ಕೆಲವು ದಿನ ಹಲ್ಲು ಜುಂ ಎನ್ನುತ್ತದೆ. ಇಷ್ಟಕ್ಕೇ ನಿಲ್ಲಿಸಿದವರು ಪುಣ್ಯವಂತರು.

ವೆನಿಯರಿನ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. 1930ರ ಆಸುಪಾಸಿನಲ್ಲಿ ಕ್ಯಾಲಿಫೋರ್ನಿಯಾದ ದಂತವೈದ್ಯ ಚಾರ್ಲ್ಸ್ ಪಿಂಕಸ್ ಹಾಲಿವುಡ್ ನಟನಟಿಯರಿಗೆಂದು ತೆಳುವಾದ ಹೊದಿಕೆ ಮಾಡಿದ. ಕಟ್ಟಿಸಿದ ಹಲ್ಲಿಗೆ ಹಾಕುವ ಅಂಟುಪುಡಿಯಲ್ಲಿ ಅದನ್ನು ಕೂರಿಸುವುದು, ಶೂಟಿಂಗ್ ಮುಗಿದೊಡನೆ ಕಿತ್ತಿಡುವುದು. ಕ್ಯಾಮೆರಾಕ್ಕಾಗಿ ಹುಟ್ಟಿದ್ದು ಕ್ಯಾಮೆರಾದ ಜೊತೆಗೇ ಹೋಗುತ್ತಿತ್ತು. 1955ರಲ್ಲಿ ಮೈಕೆಲ್ ಬ್ಯೂನೊಕೋರ್ ಎನಾಮೆಲ್ಲನ್ನು ಆಮ್ಲದಿಂದ ಒರಟಾಗಿಸಿ ಅಂಟು ಹಿಡಿಸುವ ವಿಧಾನ ತೋರಿಸಿದ ಮೇಲೆ, 1980ರ ದಶಕದಲ್ಲಿ ಪಿಂಗಾಣಿ ವೆನಿಯರ್ ಹಲ್ಲಿಗೆ ಶಾಶ್ವತವಾಗಿ ಅಂಟಿತು. ಈ ಇಡೀ ವಿದ್ಯೆ ಒಳ್ಳೆಯ ಎನಾಮೆಲ್ಲನ್ನು ನಂಬಿಕೊಂಡಿದೆ. ಫ್ಲೋರೋಸಿಸ್ ಆದ ಹಲ್ಲಿನ ಮೇಲ್ಪದರ ಆಮ್ಲಕ್ಕೆ ಸುಲಭವಾಗಿ ಬಗ್ಗದು, ಅದರ ಕೆಳಗಿನ ಪದರ ಪೊಳ್ಳು. ಕಲೆ ಜೋರಾಗಿದ್ದಷ್ಟೂ ಅಂಟಿನ ಹಿಡಿತ ಸಡಿಲ. ಪಾಚಿ ಕಟ್ಟಿದ ಗೋಡೆಗೆ ಹಾಗೇ ಸುಣ್ಣ ಬಳಿದಂತೆ. ಪಾವಗಡ, ಶಿರಾ ಕಡಲೆಕಾಯಿಯ ಸೀಮೆ ಬೇರೆ. ಮುಂದಿನ ಹಲ್ಲಲ್ಲಿ ಸಿಪ್ಪೆ ಒಡೆಯುವವರಿಗೆ, ಕಬ್ಬು ಸಿಗಿಯುವವರಿಗೆ ಹಾಲಿವುಡ್ಡಿನ ಹೊದಿಕೆ ಹಾಕುವ ಮುಂಚೆ ಅವರು ಏನು ತಿನ್ನುತ್ತಾರೆಂದು ಕೇಳಬೇಡವೇ? ಪಿಂಗಾಣಿಯ ಬದಲು ಕಾಂಪೊಸಿಟ್ ಎಂಬ ರೆಸಿನ್ ಹೊದಿಕೆಯಾದರೆ ಅಂಚು ಚಕ್ಕೆ ಏಳುತ್ತದೆ, ಚಹಾದ ಬಣ್ಣ ಹಿಡಿಯುತ್ತದೆ. ಅದನ್ನು ಮತ್ತೆ ಸರಿಪಡಿಸಬಹುದು ಎಂಬುದು ಅದರ ಗುಣ.

ಕ್ಯಾಪಿಗೆ ಆ ಗುಣವೂ ಇಲ್ಲ. ಕಲೆ ಮುಚ್ಚಲು ಕ್ಯಾಪು ಹಾಕುವುದೆಂದರೆ ಹಲ್ಲನ್ನು ಸುತ್ತಲೂ ಅರೆದು ಗೂಟ ಮಾಡುವುದು. 2002ರಲ್ಲಿ ಎಡೆಲ್‌ಹಾಫ್ ಮತ್ತು ಸೊರೆನ್‌ಸೆನ್ ತೂಕ ಮಾಡಿ ನೋಡಿದಾಗ, ಪೂರ್ತಿ ಕ್ಯಾಪಿಗೆ ಒಸಡಿನ ಮೇಲೆ ಕಾಣುವ ಹಲ್ಲಿನ 63ರಿಂದ 72 ಶೇಕಡಾ ಭಾಗ ಹೋಗುತ್ತಿತ್ತು. ವೆನಿಯರಿಗೆ 3ರಿಂದ 30 ಶೇಕಡಾ. ಇಪ್ಪತ್ತೆರಡರ ಪ್ರಾಯದಲ್ಲಿ ಹಲ್ಲಿನ ನರ ಮೇಲೆಯೇ ಇರುತ್ತದೆ, ಅರೆದರೆ ನೋವು. ಹಾಗಾಗಿ ಹುಳುಕಿಲ್ಲದ ಹಲ್ಲಿಗೂ ಮೊದಲೇ ರೂಟ್ ಕೆನಾಲ್ ಮಾಡಿ ಮುಗಿಸುವ ಪರಿಪಾಠವಿದೆ. ಬಣ್ಣ ಕೆಟ್ಟಿದ್ದ ಹಲ್ಲು ಹೀಗೆ ಜೀವವನ್ನೂ ಕಳೆದುಕೊಳ್ಳುತ್ತದೆ. ಲೋಹದ ಒಳಪದರದ ಕ್ಯಾಪಾದರೆ ಒಸಡು ಸ್ವಲ್ಪ ಸರಿಯುತ್ತಲೇ ಅಂಚಿನಲ್ಲಿ ಕಪ್ಪು ಗೆರೆ. ಮುಂದಿನ ಆರು ಹಲ್ಲು ಬಾತ್‌ರೂಮಿನ ಟೈಲ್ಸಿನ ಬಿಳುಪು, ಪಕ್ಕದವು ಹಳೆಯ ಕಂದು. ನಗು ಅಗಲವಾದಷ್ಟೂ ಗುಟ್ಟು ರಟ್ಟು. ಕ್ಯಾಪು ಚೆನ್ನಾಗಿ ಬಾಳಿದರೂ ಹತ್ತು ಹದಿನೈದು ವರ್ಷಕ್ಕೆ ಬದಲಿಸಬೇಕಾಗಿ ಬರುವುದುಂಟು. ಇಪ್ಪತ್ತೆರಡಕ್ಕೆ ಹಾಕಿಸಿಕೊಂಡವರು ಅರುವತ್ತರ ಹೊತ್ತಿಗೆ ಎಷ್ಟು ಸಲ ಆ ಕುರ್ಚಿಯಲ್ಲಿ ಕೂರಬೇಕು, ಪ್ರತಿ ಸಲವೂ ಅರೆಯಲು ಉಳಿಯುವ ಹಲ್ಲೆಷ್ಟು ಎಂಬ ಲೆಕ್ಕ ದರಪಟ್ಟಿಯಲ್ಲಿ ಇರುವುದಿಲ್ಲ. ಅರೆದ ಎನಾಮೆಲ್ಲನ್ನು ಮರಳಿಸುವ ಕಿಣ್ವ ಯಾವ ಸಿರಿಂಜಿನಲ್ಲೂ ಇಲ್ಲ.

ಇಷ್ಟೆಲ್ಲದರ ನಡುವೆ ಈ ಸೀಮೆಗೇ ಹೇಳಿ ಮಾಡಿಸಿದಂಥ ಚಿಕಿತ್ಸೆಯೊಂದು ಮೂಲೆಗುಂಪಾಗಿದೆ. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಊರಿನಲ್ಲೂ ನಮ್ಮಂತೆಯೇ ಹಲ್ಲು ಕಂದಾಗುತ್ತಿತ್ತು. ಫ್ರೆಡರಿಕ್ ಮೆಕೆ ಎಂಬ ದಂತವೈದ್ಯ 1901ರಿಂದ ಅದರ ಬೆನ್ನುಬಿದ್ದ, ಕಾರಣ ಫ್ಲೋರೈಡ್ ಎಂದು ಗೊತ್ತಾದದ್ದು 1931ರಲ್ಲಿ. ಕಾರಣ ತಿಳಿಯುವ ಮೊದಲೇ, 1916ರಲ್ಲಿ, ಅದೇ ಊರಿನ ವಾಲ್ಟರ್ ಕೇನ್ ಹೈಡ್ರೊಕ್ಲೋರಿಕ್ ಆಮ್ಲ ಸವರಿ ಕಲೆ ತೆಗೆಯುತ್ತಿದ್ದ. 1986ರಲ್ಲಿ ಕ್ರೋಲ್ ಮತ್ತು ಕ್ಯಾವನಾ ಅದನ್ನು ಹದಕ್ಕೆ ತಂದರು: 18 ಶೇಕಡಾ ಆಮ್ಲಕ್ಕೆ ಪ್ಯೂಮಿಸ್ ಕಲ್ಲಿನ ಪುಡಿ ಬೆರೆಸಿ, ಒಸಡಿಗೆ ರಬ್ಬರ್ ಹಾಳೆಯ ರಕ್ಷಣೆ ಕೊಟ್ಟು, ಮೇಲ್ಪದರವನ್ನು ಕೂದಲೆಳೆಯಷ್ಟು ಉಜ್ಜಿ ತೆಗೆಯುವುದು. ಹೆಸರು ಮೈಕ್ರೋಅಬ್ರೇಶನ್. ಈಗ ಸೌಮ್ಯ ಆಮ್ಲದ ಸಿದ್ಧ ಲೇಪಗಳೂ ಸಿಗುತ್ತವೆ. ಕಲೆ ಹಗುರ, ಮಧ್ಯಮವಾಗಿದ್ದರೆ ಒಂದೆರಡು ಸಲಕ್ಕೇ ಕಂದು ಹೋಗುತ್ತದೆ, ಅದು ಮತ್ತೆ ಮರುಕಳಿಸುವುದು ಕಡಿಮೆ. ಬಿಳಿ ಮಚ್ಚೆ ಉಳಿದರೆ ಅದರೊಳಗೆ ತೆಳು ರೆಸಿನ್ ಇಳಿಸುವ ವಿಧಾನ 2009ರಿಂದ ಬಳಕೆಯಲ್ಲಿದೆ. ಗುಳಿ ಬಿದ್ದ ಹಲ್ಲಿಗೆ ಮಾತ್ರ ಇದು ಸಾಲದು. ಅಲ್ಲಿ ಕಾಂಪೊಸಿಟ್ ಬೇಕು, ಕೆಲವರಿಗೆ ನಿಜಕ್ಕೂ ವೆನಿಯರೇ ಬೇಕು.

ಹಾಗಿದ್ದರೆ ಇದು ಮೊದಲ ಸಾಲಿನಲ್ಲಿ ಯಾಕಿಲ್ಲ? ಫೋಟೊದಲ್ಲಿ ಇದು ಮಿಂಚುವುದಿಲ್ಲ. ಸಿಗುವುದು ಸಹಜ ಹಲ್ಲಿನ ನಸುಹಳದಿ ಬಿಳುಪು. ಗಿರಾಕಿ ಕೇಳುವುದು ಟೀವಿ ಆ್ಯಂಕರಿನ ಬಿಳುಪು. “ಮದ್ವೆ ಹದಿನೈದು ದಿನ ಐತೆ ಡಾಕ್ಟ್ರೇ, ಅಷ್ಟ್ರೊಳ್ಗೆ ಬೆಳ್ಳಗಾಗ್ಬೇಕು” ಎಂದು ಅವಸರ ಪಡಿಸುವವರು ಮನೆಯವರೇ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹಲ್ಲಿನ ಮಾತು ಎತ್ತುವ ಗಂಡಿನ ಕಡೆಯವರದೂ ಅದೇ ನೀರು, ಅದೇ ಕಲೆ ಇರುತ್ತದೆ ಎಂಬುದು ಬೇರೆ ಮಾತು. ಕುರ್ಚಿ, ಎಕ್ಸ್‌ರೇ ಯಂತ್ರಕ್ಕೆ ಸಾಲ ಮಾಡಿ ತಾಲ್ಲೂಕು ಕೇಂದ್ರದಲ್ಲಿ ಕ್ಲಿನಿಕ್ ತೆರೆದ ದಂತವೈದ್ಯರಿಗೆ ಕಂತು ಕಟ್ಟಬೇಕು. ಅರ್ಧ ಗಂಟೆ ಉಜ್ಜುವ ಕೆಲಸಕ್ಕಿಂತ ಆರು ಕ್ಯಾಪು ಲಾಭದ್ದು. ಅವರನ್ನು ಖಳರನ್ನಾಗಿ ಮಾಡುವ ಮನಸ್ಸು ನನಗಿಲ್ಲ. ಆದರೆ ಆಯ್ಕೆಗಳನ್ನು ಹೇಳದೆ ಅರೆಯಲು ಕೂರುವುದಕ್ಕೆ ಕಂತು ನೆಪವಾಗಲಾರದು. ರೋಗಿಯ ಒಪ್ಪಿಗೆ ನಿಜವಾದದ್ದಾಗಬೇಕಾದರೆ ಚಿಕಿತ್ಸೆಯ ಸ್ವರೂಪ, ಅಪಾಯಗಳ ಜೊತೆಗೆ ಬೇರೆ ದಾರಿಗಳು ಯಾವುವು ಎಂಬುದನ್ನೂ ತಿಳಿಸಿರಬೇಕು ಎಂದು ಸುಪ್ರೀಂ ಕೋರ್ಟು 2008ರಲ್ಲೇ ಹೇಳಿದೆ. ಸಹಿ ಹಾಕಿಸಿಕೊಳ್ಳುವ ಇಂಗ್ಲಿಷ್ ಫಾರಂ ಆ ಮಾತನ್ನು ಪೂರೈಸುವುದಿಲ್ಲ.

ಸುದ್ದಿಯಾಗುವುದು ದುರಂತಗಳು ಮಾತ್ರ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡರು. ಮರುತಿಂಗಳೇ ರೂಟ್ ಕೆನಾಲ್ ಆದ ಮೇಲೆ ನಟಿ ಸ್ವಾತಿ ಸತೀಶ್ ಅವರ ಮುಖ ಊದಿಕೊಂಡ ಚಿತ್ರ ಎಲ್ಲೆಡೆ ಹರಿದಾಡಿತು. ಕೆಲವು ದಿನ ಚರ್ಚೆ ಜೋರಾಗಿ ನಡೆಯಿತು. ಯಾರೂ ಸಾಯದ, ಮುಖವೂ ಊದದ, ಬರೀ ಒಳ್ಳೆಯ ಹಲ್ಲು ಗೂಟವಾದ ಪ್ರಕರಣಕ್ಕೆ ದೂರು ಕೊಡುವವರೂ ಇಲ್ಲ. ಮದುವೆಯ ಆಲ್ಬಂನಲ್ಲಿ ನಗು ಚೆನ್ನಾಗಿಯೇ ಬಂದಿರುತ್ತದೆ.

ತುಂಗಭದ್ರಾ ಹಿನ್ನೀರು ಪಾವಗಡಕ್ಕೆ, ಎತ್ತಿನಹೊಳೆ ಕೊರಟಗೆರೆ ಮಧುಗಿರಿಯ ಕಡೆಗೆ ಎಂಬ ನೀರಿನ ಯೋಜನೆಗಳು ಮುಂದಿನ ಮಕ್ಕಳ ಹಲ್ಲಿಗಾಗಿ. ಈಗಾಗಲೇ ಕಲೆ ಬಿದ್ದವರಿಗೆ ಬೇಕಾದ್ದು ಚಿಕ್ಕದು. ಈ ನಾಲ್ಕೂ ತಾಲ್ಲೂಕು ಮಧುಗಿರಿ ಶೈಕ್ಷಣಿಕ ಜಿಲ್ಲೆಯೊಳಗೇ ಇವೆ, ತುಮಕೂರಿನಲ್ಲಿ ಶ್ರೀ ಸಿದ್ಧಾರ್ಥ ದಂತ ಕಾಲೇಜಿದೆ. ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕಟ್ಟಿಸಿಕೊಡುವ ‘ದಂತಭಾಗ್ಯ’ವನ್ನು ಸರ್ಕಾರ ನಡೆಸುತ್ತ ಬಂದಿದೆ, ಹಲ್ಲು ಉದುರಿದ ಮೇಲೆ ಕೊಡುವ ಆ ಭಾಗ್ಯದಲ್ಲೇ ಹಲ್ಲು ಇರುವವರಿಗೂ ಪಾಲು ಇಡಬಹುದು. ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ತಿಂಗಳಿಗೊಂದು ದಿನ, ಆಮ್ಲದ ಲೇಪ, ರಬ್ಬರ್ ಹಾಳೆ, ಕೆಲಸ ಕಲಿತ ಇಬ್ಬರು ಯುವ ವೈದ್ಯರು ಸಾಕು. ಕಾಲೇಜು ಸೇರುವ ಮೊದಲು ಬರಲಿ ಎಂದು ಹತ್ತನೇ ತರಗತಿ ಮುಗಿಸಿದವರನ್ನು ಮೊದಲ ಪಾಳಿಗೆ ಕರೆಯಬಹುದು.