ಮನೆಯಂಗಳದಲ್ಲಿ ಬ್ರೇಕ್ ಶೂ

ಬೈಕಿನ ಹಿಂದಿನ ಚಕ್ರ ಬಿಚ್ಚಿ ಬ್ರೇಕ್ ಶೂವನ್ನು ತಾವೇ ಬದಲಿಸಿಕೊಳ್ಳುವವರು ಈಗ ಊರೂರಲ್ಲೂ ಇದ್ದಾರೆ. ಸ್ಪ್ಲೆಂಡರ್‌ನಂಥ ಗಾಡಿಗೆ ಬೇಕಾಗುವುದು ನಾಲ್ಕಾರು ಸ್ಪ್ಯಾನರು, ಒಂದು ಕಟಿಂಗ್ ಪ್ಲೇಯರು, ಒಂದು ತುಂಡು ಉಪ್ಪುಕಾಗದ, ಜೊತೆಗೆ ಬಿಡುವು. ಇದು ಒಳ್ಳೆಯ ಅಭ್ಯಾಸ ಎಂದೇ ನನ್ನ ಅಭಿಪ್ರಾಯ. ದುಡ್ಡು ಉಳಿಯುತ್ತದೆಂದು ಹೀಗೆ ಹೇಳುತ್ತಿಲ್ಲ, ಉಳಿಯುವ ಮಜೂರಿ ಅಲ್ಪವೇ. ಗ್ಯಾರೇಜಿನವರಿಗೆ ಇಲ್ಲದ ಪುರುಸೊತ್ತು ನಮಗಿರುತ್ತದೆ, ಮತ್ತು ಡ್ರಮ್ ಬ್ರೇಕು ಬೇಡುವುದು ಅದನ್ನೇ.

ಮಳೆಗಾಲ ಕಳೆದ ಮೇಲೆ ಡ್ರಮ್ ತೆಗೆದು ನೋಡಿ. ಒಳಗೆ ಕರಿ ಹುಡಿ, ಕೆಸರಿನ ಹೆಪ್ಪು. ಶೂಗಳನ್ನು ಅಗಲಿಸುವ ಕ್ಯಾಮ್ ತುಕ್ಕು ಹಿಡಿದು ಬಿಗಿಯಾಗಿರುತ್ತದೆ. ಪೆಡಲ್ ಒತ್ತಿದಾಗ ತಿರುಗಿದ ಅದು ಕಾಲು ತೆಗೆದರೂ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಹೊಸ ಶೂ ಹಾಕಿಯೂ ಬ್ರೇಕ್ ಜಾಮ್ ಆಗುವುದಕ್ಕೆ ಬಹಳ ಸಲ ಇದೇ ಕಾರಣ. ಕ್ಯಾಮನ್ನು ಹೊರತೆಗೆದು, ಉಜ್ಜಿ, ತೆಳುವಾಗಿ ಗ್ರೀಸ್ ಸವರಿ ಕೂರಿಸುವುದಕ್ಕೆ ತಾಳ್ಮೆ ಬೇಕು. ಸಾಲುಗಟ್ಟಿ ಗಾಡಿಗಳು ನಿಂತಿರುವ ಕಡೆ ಆ ಕೆಲಸ ತಪ್ಪಿಹೋಗುತ್ತದೆ.

ಗ್ಯಾರೇಜುಗಳಲ್ಲಿ ಇನ್ನೊಂದು ಚಾಳಿಯೂ ಇದೆ. ಶೂವಿನ ಮೇಲಿನ ಲೈನರ್ ಸವೆದು, ಅಡ್ಜಸ್ಟ್ ಮಾಡುವ ನಟ್ಟು ಕೊನೆ ಮುಟ್ಟಿದಾಗ, ಕ್ಯಾಮಿನ ತುದಿಯ ತೋಳನ್ನು ಕಳಚಿ ಒಂದು ಹಲ್ಲು ಹಿಂದಕ್ಕೆ ಕೂರಿಸಿಬಿಡುತ್ತಾರೆ. ಬ್ರೇಕು ಮತ್ತೆ ಹಿಡಿದಂತೆ ಕಾಣುತ್ತದೆ. ಶೂ ಮುಗಿದಿದೆ ಎಂದು ತಿಳಿಸುವ ಬಾಣದ ಗುರುತು ಡ್ರಮ್ಮಿನ ಮುಚ್ಚಳದ ಹೊರಗೇ ಇರುತ್ತದೆ. ತನ್ನ ಗಾಡಿಯನ್ನು ತಾನೇ ಬಿಚ್ಚುವವನಿಗೆ ಆ ಗುರುತು ಪರಿಚಯವಾಗುತ್ತದೆ, ಇಂಥ ತಾತ್ಕಾಲಿಕ ಉಪಾಯಕ್ಕೆ ಅವನು ಒಪ್ಪುವುದಿಲ್ಲ. ಮನೆಯಲ್ಲೇ ಮಾಡುವ ರಿಪೇರಿಯ ನಿಜವಾದ ಲಾಭ ಇದು.

ಆದರೆ ಇದರ ಕೊರತೆಗಳೂ ಸಣ್ಣವಲ್ಲ. ಕಲಿಸುವ ವಿಡಿಯೊಗಳಲ್ಲಿ ಬಿಚ್ಚುವುದನ್ನು ನಿಧಾನವಾಗಿ ತೋರಿಸಿ, ಜೋಡಿಸುವುದನ್ನು ಓಡಿಸಿಬಿಡುತ್ತಾರೆ. ಜೀವಕ್ಕೆ ಸಂಬಂಧಿಸಿದ್ದು ಜೋಡಣೆಯೇ. ಡ್ರಮ್ಮಿನ ಮುಚ್ಚಳವನ್ನು ಗಾಡಿಗೆ ಕಟ್ಟಿಹಾಕುವ ಒಂದು ಪಟ್ಟಿಯಿದೆ, ಅದರ ನಟ್ಟಿಗೊಂದು ಸ್ಪ್ಲಿಟ್ ಪಿನ್ನು. ಆ ಪಿನ್ನು ಮರೆತು ನಟ್ಟು ಬಿದ್ದುಹೋದರೆ, ಬ್ರೇಕ್ ಒತ್ತಿದಾಗ ಮುಚ್ಚಳವೇ ಚಕ್ರದ ಜೊತೆ ತಿರುಗಿ, ಬ್ರೇಕಿನ ರಾಡು ಸಿಕ್ಕಿಕೊಂಡು ಚಕ್ರ ಲಾಕ್ ಆಗಬಹುದು. ಹಳೆಯ ಪಿನ್ನನ್ನೇ ನೆಟ್ಟಗೆ ಮಾಡಿ ಮತ್ತೆ ಹಾಕಬಾರದು.

ಒಳಗಿನ ಹುಡಿಯನ್ನು ಬಾಯಿಂದ ಊದುವುದೂ ತಪ್ಪು. ಲೈನರ್‌ಗಳಲ್ಲಿ ಕಲ್ನಾರು ಬಹುಕಾಲ ಬಳಕೆಯಲ್ಲಿತ್ತು, ಅದರ ಎಳೆ ಶ್ವಾಸಕೋಶಕ್ಕೆ ಮಾರಕ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಹೊಸ ಗಾಡಿಗಳದು ಬೇರೆ ಲೆಕ್ಕ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ದ್ವಿಚಕ್ರ ವಾಹನಗಳಿಗೆ ಸಿಬಿಎಸ್ (ಎರಡೂ ಬ್ರೇಕುಗಳನ್ನು ಜೋಡಿಸುವ ವ್ಯವಸ್ಥೆ) ಅಥವಾ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಅದಕ್ಕಿಂತ ದೊಡ್ಡವಕ್ಕೆ ಎಬಿಎಸ್ ಕಡ್ಡಾಯವಾಯಿತು. ಸಿಬಿಎಸ್ ಇರುವ ಬೈಕಿನಲ್ಲಿ ಹಿಂದಿನ ಬ್ರೇಕಿನ ಪೆಡಲ್ ಮುಂದಿನ ಬ್ರೇಕನ್ನೂ ಎಳೆಯುತ್ತದೆ; ಹಿಂದಿನದನ್ನಷ್ಟೇ ಬಿಗಿ ಮಾಡಿದರೆ ಎರಡರ ಹೊಂದಾಣಿಕೆ ಕೆಡುತ್ತದೆ. ಡಿಸ್ಕಿನ ಪ್ಯಾಡ್ ಬದಲಿಸುವುದು ಸುಲಭವೇ, ಆದರೆ ಪಿಸ್ಟನ್ನನ್ನು ಒಳಕ್ಕೆ ತಳ್ಳಿರುತ್ತೇವಲ್ಲ, ಲಿವರನ್ನು ಹಲವು ಸಲ ಒತ್ತಿ ಗಟ್ಟಿಯಾಗುವ ತನಕ ಗಾಡಿ ಕದಲಿಸಬಾರದು. ಬ್ರೇಕ್ ಆಯಿಲಿನ ಪೈಪು ಬಿಚ್ಚುವ ಕೆಲಸವನ್ನು, ಅದರಲ್ಲೂ ಎಬಿಎಸ್ ಇದ್ದರೆ, ಮನೆಯಲ್ಲಿ ಮಾಡುವುದನ್ನು ನಾನು ಒಪ್ಪುವುದಿಲ್ಲ.

ಕೊನೆಗೆ ಪೆಡಲ್‌ನ ಆಟ, ಅಂದರೆ ಬ್ರೇಕ್ ಹಿಡಿಯುವ ಮುಂಚೆ ಪೆಡಲ್ ಸುಮ್ಮನೆ ಇಳಿಯುವ ದೂರ. ಸ್ಪ್ಲೆಂಡರ್‌ಗೆ 20ರಿಂದ 30 ಮಿ.ಮೀ. ಇರಬೇಕು. ‘ಚೆನ್ನಾಗಿ ಹಿಡಿಯಲಿ’ ಎಂದು ಆಟವೇ ಇಲ್ಲದಂತೆ ಬಿಗಿದರೆ ಶೂ ಸದಾ ಉಜ್ಜುತ್ತ ಡ್ರಮ್ ಕಾಯುತ್ತದೆ. ಆಗುಂಬೆಯ ತಿರುವುಗಳನ್ನು ಇಳಿಯುವಾಗ ಕಾದ ಬ್ರೇಕಿಗೆ ಹಿಡಿತ ಇರುವುದಿಲ್ಲ. ಹೊಸ ಶೂ ಡ್ರಮ್ಮಿಗೆ ಪೂರ್ತಿ ಕೂರುವುದಕ್ಕೂ ಒಂದಿಷ್ಟು ಓಡಾಟ ಬೇಕು, ಅಲ್ಲಿಯ ತನಕ ಘಾಟಿಯ ದಾರಿ ಬೇಡ.

ಮೊದಲ ಸಲ ಕೈ ಹಾಕುವವರಲ್ಲಿ ಒಂದು ಕೋರಿಕೆ: ಚಕ್ರ ಜೋಡಿಸಿದ ಮೇಲೆ, ಹೆಂಡತಿ ಮಕ್ಕಳನ್ನು ಹಿಂದೆ ಕೂರಿಸಿಕೊಳ್ಳುವ ಮುಂಚೆ, ಪರಿಚಯದ ಮೆಕ್ಯಾನಿಕ್ ಒಬ್ಬರಿಗೆ ಅದನ್ನು ತೋರಿಸಿ.