ಬಂಡೆಯ ಗೂಳಿ, ಎದೆಯ ಕರಡಿಗೆ

ಕಲಾವಿಮರ್ಶೆಯೆಂದರೆ ಹಳೆಯದನ್ನು ಹೊಗಳಿ ಹೊಸದನ್ನು ಹಳಿಯುವುದಲ್ಲ. ರೂಪ, ಬಳಕೆ, ನಂಬಿಕೆ ಈ ಮೂರೂ ಒಂದು ವಸ್ತುವಿನಲ್ಲಿ ಎಷ್ಟರಮಟ್ಟಿಗೆ ಕೂಡಿವೆಯೆಂಬುದನ್ನು ಅರಸುವುದು.

ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದ ಬಂಡೆಗಳ ಮೇಲೆ ನವಶಿಲಾಯುಗದಿಂದ ಮೊದಲ್ಗೊಂಡು ಕುಟ್ಟಿ ಮೂಡಿಸಿದ ಗೂಳಿಗಳಿವೆ. ದನವೇ ಆ ಜನರ ಬದುಕು. ಆದುದರಿಂದಲೇ ಅದು ಅವರ ಚಿತ್ರವಾಯಿತು. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನವು ಅಶೋಕನ ಹೆಸರನ್ನು ಹೇಳುವುದರ ಜೊತೆಗೆ, ಧರ್ಮನಿಷ್ಠನಾದ ಕಿರಿಯನೂ ಹಿರಿದನ್ನು ಪಡೆಯಬಲ್ಲನೆಂದು ಸಾರುತ್ತದೆ. ಅಷ್ಟು ದೊಡ್ಡ ಮಾತಿಗೆ ಒರಟು ಬಂಡೆಯೇ ಸಾಕಾಯಿತು.

ಶರಣಧರ್ಮದಲ್ಲಿ ಆರಾಧ್ಯವು ಗುಡಿಯಿಂದ ಅಂಗೈಗೆ ಬಂದಿತು. ಅದನ್ನು ಧರಿಸಲು ಸಜ್ಜೆ, ಕರಡಿಗೆ, ಗುಂಡಗಡಿಗೆಗಳು ರೂಪುಗೊಂಡವು. ಅಕ್ಕಸಾಲಿಗನ ಕುಸುರಿಯೆಲ್ಲವೂ ಒಳಗಿನ ಲಿಂಗವನ್ನು ಕಾಯುವುದಕ್ಕಾಗಿ.

ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಸಿಂಧನೂರು ಬತ್ತದ ನಾಡಾಯಿತು. ಸಂಪತ್ತು ಬಂದುದು ತಪ್ಪಲ್ಲ. ಆದರೆ ಬೆಳ್ಳಿಯ ಕರಡಿಗೆ ಪೆಟ್ಟಿಗೆಯಲ್ಲಿ ಭದ್ರವಾಗಿದ್ದು ಎದೆ ಬರಿದಾದರೆ, ನಂಬಿಕೆಯು ರೂಪವನ್ನು ತೊರೆದಂತೆ. ಗುಡಿಯ ಹಳೆಯ ಶಿಲೆಗೆ ಎಣ್ಣೆಬಣ್ಣ ಬಳಿದು ಕೆತ್ತನೆಯನ್ನೇ ಹೂಳಿದರೆ, ಭಕ್ತಿಯೇ ರೂಪವನ್ನು ಮುಚ್ಚಿದಂತೆ. ಎರಡೂ ನಷ್ಟವೇ.

ಪ್ರಾಚೀನರಿಗೆ ಕಲೆಯೆಂಬ ಬೇರೆ ಕೋಣೆಯಿರಲಿಲ್ಲ. ನಾವು ಅದಕ್ಕೆ ವಸ್ತುಸಂಗ್ರಹಾಲಯವನ್ನು ಕಟ್ಟಿದೆವು. ಅದರಿಂದ ರೇಖೆಯ ಚೆಲುವನ್ನು ಕಾಣುವ ಕಣ್ಣು ನಮಗೆ ದೊರೆಯಿತು. ಇದು ಆಧುನಿಕರ ನಿಜವಾದ ಗಳಿಕೆ. ಆ ಕಣ್ಣಿನೊಡನೆ ನಿಷ್ಠೆಯೂ ಕೂಡಬೇಕು. ಸಾಹಿತ್ಯದ ವಿದ್ಯಾರ್ಥಿಯು ಮಸ್ಕಿಯ ಬಂಡೆಯೆದುರು ಒಮ್ಮೆ ನಿಲ್ಲಲಿ. ಭಕ್ತನು ಕರಡಿಗೆಯನ್ನು ಎದೆಗೆ ಮರಳಿಸಲಿ.