ಇಲಿಯ ಒತ್ತಡ, ನಮ್ಮ ರಕ್ತನಾಳ: ಐದು ಸಾಲಿನ ವ್ಯಾಖ್ಯಾನ

ಪುಣೆಯ ಪಾಷಾಣ್‌ನಲ್ಲಿರುವ ಐಸರ್ ವಿಜ್ಞಾನ ಸಂಸ್ಥೆಯಲ್ಲಿ ವಂಶವಾಹಿ ತಿದ್ದಿದ ಇಲಿಗಳಿಗೆಂದೇ ಒಂದು ರಾಷ್ಟ್ರೀಯ ಸೌಲಭ್ಯವಿದೆ. ಇಂಥ ಇಲಿಗಳನ್ನು ಬಳಸಿದ ಪ್ರಬಂಧಗಳಲ್ಲಿ ‘ವಿಧಾನ’ ಎಂಬ ಭಾಗ ಯಾವ ದೇಶದಲ್ಲಿ ಬರೆದರೂ ಒಂದೇ ಧಾಟಿಯದು. ಓದುವವರು ಅದನ್ನು ಹಾರಿಸಿ ನೇರವಾಗಿ ಫಲಿತಾಂಶಕ್ಕೆ ಹೋಗುತ್ತಾರೆ. ನನಗೇನೋ ಅಸಲು ಸಂಗತಿ ವಿಧಾನದಲ್ಲೇ ಅಡಗಿದೆ ಅನಿಸುತ್ತದೆ. ಅದೇ ಧಾಟಿಯಲ್ಲಿ ನಾನೇ ಹೆಣೆದ ಐದು ಸಾಲು, ಅವುಗಳ ಅರ್ಥ ಇಲ್ಲಿದೆ.

“ಅಪೊ-ಇ ನಾಕೌಟ್ ಇಲಿಗಳನ್ನು ಬಳಸಲಾಯಿತು.”

ಮಾಮೂಲಿ ಇಲಿಗೆ ರಕ್ತನಾಳದ ಕಾಯಿಲೆ ಬರುವುದೇ ಅಪರೂಪ. ಅದರ ಕೊಲೆಸ್ಟರಾಲ್ ಡೆಸಿಲೀಟರಿಗೆ 100 ಮಿಲಿಗ್ರಾಂ ಆಸುಪಾಸಿನಲ್ಲಿರುತ್ತದೆ, ಅದರಲ್ಲೂ ಬಹುಪಾಲು ‘ಒಳ್ಳೆಯದು’ ಎನ್ನುವ ಎಚ್‌ಡಿಎಲ್. ರಕ್ತದಲ್ಲಿ ತೇಲುವ ಕೊಬ್ಬಿನ ಕಣಗಳಿಗೆ ಅಪೊ-ಇ ಎಂಬ ಪ್ರೋಟೀನು ವಿಳಾಸದ ಚೀಟಿಯಿದ್ದಂತೆ. ಅದನ್ನು ನೋಡಿಯೇ ಯಕೃತ್ತು ಅವನ್ನು ಒಳಗೆಳೆದುಕೊಳ್ಳುತ್ತದೆ. ಆ ಪ್ರೋಟೀನು ತಯಾರಿಸುವ ವಂಶವಾಹಿಯನ್ನು ಕೆಡಿಸಿದರೆ (‘ನಾಕೌಟ್’ ಎಂದರೆ ಇದೇ) ಕಣಗಳು ರಕ್ತದಲ್ಲೇ ಸುತ್ತುತ್ತವೆ. ಸಾದಾ ಆಹಾರದಲ್ಲೇ ಕೊಲೆಸ್ಟರಾಲ್ 400ರಿಂದ 600ಕ್ಕೆ ಏರಿ, ಕೆಲವೇ ತಿಂಗಳಲ್ಲಿ ನಾಳದ ಗೋಡೆಯಲ್ಲಿ ಕೊಬ್ಬು ಕೂರುತ್ತದೆ. 1992ರಲ್ಲಿ ನೊಬುಯೊ ಮಾಯೆದಾ ಮತ್ತು ಜ್ಯಾನ್ ಬ್ರೆಸ್ಲೋ ಅವರ ತಂಡಗಳು ಬೇರೆಬೇರೆಯಾಗಿ ಈ ಇಲಿಯನ್ನು ರೂಪಿಸಿದವು. ಅಪೊ-ಇ ಪೂರಾ ಇಲ್ಲದ ಮನುಷ್ಯರು ತೀರಾ ವಿರಳ. ಹಾಗಾಗಿ ಇದು ನಮ್ಮ ಕಾಯಿಲೆಯ ನಕಲಲ್ಲ, ಬೇಕೆಂದೇ ಬೇಗ ಬರಿಸಿದ ಕಾಯಿಲೆ.

“ಅವುಗಳನ್ನು ದೀರ್ಘಕಾಲ ಬದಲಾಗುವ ಒತ್ತಡಕ್ಕೆ ಒಳಪಡಿಸಲಾಯಿತು.”

ಇಲಿಗೆ ಇಎಂಐ ಇಲ್ಲ, ಪುಣೆಯ ಹಿಂಜೇವಾಡಿಯ ಟ್ರಾಫಿಕ್ಕೂ ಇಲ್ಲ. ಅದರ ಒತ್ತಡವೆಂದರೆ ಗೂಡನ್ನು ಓರೆಯಾಗಿಡುವುದು, ಕೆಳಗೆ ಹಾಸಿದ ಹೊಟ್ಟನ್ನು ಒದ್ದೆ ಮಾಡುವುದು, ರಾತ್ರಿಯಿಡೀ ದೀಪ ಉರಿಸುವುದು, ಒಂದು ದಿನ ಒಂಟಿಯಾಗಿಟ್ಟು ಮತ್ತೊಂದು ದಿನ ಇಕ್ಕಟ್ಟಿಗೆ ತಳ್ಳುವುದು. ‘ಬದಲಾಗುವ’ ಎಂಬ ಮಾತು ಸುಮ್ಮನೆ ಬಂದಿಲ್ಲ: ದಿನವೂ ಒಂದೇ ಕಾಟವಾದರೆ ಇಲಿ ಒಗ್ಗಿಕೊಂಡುಬಿಡುತ್ತದೆ. 2014ರಲ್ಲಿ ಬಾಸ್ಟನ್ನಿನ ಮಥಿಯಾಸ್ ನಾರೆನ್‌ಡಾರ್ಫ್ ತಂಡ ಇದೇ ಕ್ರಮದಲ್ಲಿ ಅಪೊ-ಇ ಇಲಿಗಳನ್ನು ಪರೀಕ್ಷಿಸಿತು. ಒತ್ತಡವಾದಾಗ ಮೂಳೆಮಜ್ಜೆಯ ನರತುದಿಗಳಿಂದ ನಾರ್‌ಅಡ್ರಿನಲಿನ್ ಸುರಿಯುತ್ತದೆ. ರಕ್ತಕಣಗಳನ್ನು ಹುಟ್ಟಿಸುವ ಆಕರಕೋಶಗಳನ್ನು ಹಿಡಿದಿಟ್ಟಿದ್ದ ರಾಸಾಯನಿಕ ಕುಗ್ಗುತ್ತದೆ. ಆ ಕೋಶಗಳು ವಿಭಜನೆಯಾಗಿ ಬಿಳಿರಕ್ತಕಣಗಳು ಹೆಚ್ಚುತ್ತವೆ. ಆ ಕಣಗಳು ಹೋಗಿ ಕೊಬ್ಬಿನ ಗಂಟಿನಲ್ಲಿ ಉರಿಯೂತ ಎಬ್ಬಿಸುತ್ತವೆ. ಅದೇ ಅಧ್ಯಯನದಲ್ಲಿ ಐಸಿಯು ಪಾಳಿಯ ಕಿರಿಯ ವೈದ್ಯರ ರಕ್ತವನ್ನೂ ನೋಡಿದರು. ಅಲ್ಲೂ ಬಿಳಿಕಣಗಳು ಏರಿದ್ದವು. ಟೆನ್ಷನ್ ಎಂದರೆ ಬರೀ ಬಿಪಿ ಎಂದುಕೊಂಡವರು ಮೂಳೆಯ ಒಳಗೂ ಇಣುಕಬೇಕು.

“ಮಹಾಪಧಮನಿಯ ಬುಡವನ್ನು ತೆಳುವಾಗಿ ಕೊಯ್ದು ಬಣ್ಣ ಹಾಕಿ ಅಳೆಯಲಾಯಿತು.”

ಆಯಿಲ್ ರೆಡ್ ಓ ಎಂಬ ಬಣ್ಣ ಕೊಬ್ಬಿಗೆ ಅಂಟುತ್ತದೆ. ಸೂಕ್ಷ್ಮದರ್ಶಕದಡಿ ಕವಾಟದ ಮೂರು ಎಸಳುಗಳ ಬುಡದಲ್ಲಿ ಕೆಂಪು ಕಲೆಗಳು ಎದ್ದು ಕಾಣುತ್ತವೆ. ಅಳೆಯುವುದು ಆ ಕೆಂಪಿನ ವಿಸ್ತಾರವನ್ನು. ಆದರೆ ನಮ್ಮನ್ನು ಆಸ್ಪತ್ರೆಗೆ ಸೇರಿಸುವುದು ಹೃದಯಕ್ಕೆ ರಕ್ತ ಕೊಡುವ ಕೊರೊನರಿ ನಾಳದ ಗಂಟು ಒಡೆದು ರಕ್ತ ಹೆಪ್ಪುಗಟ್ಟುವ ಗಳಿಗೆ. ನಿಮಿಷಕ್ಕೆ 500–600 ಸಲ ಹೃದಯ ಬಡಿಯುವ ಈ ಇಲಿಯಲ್ಲಿ ಗಂಟು ಹಾಗೆ ಒಡೆಯುವುದು ಅಪರೂಪ. ‘ಇಲಿಯಲ್ಲಿ ಹೃದಯಾಘಾತ ತಡೆದ ಔಷಧ’ ಎಂಬ ಪತ್ರಿಕಾ ಶೀರ್ಷಿಕೆ ಕಂಡಾಗಲೆಲ್ಲ ನನಗೆ ಈ ಸಾಲು ನೆನಪಾಗುತ್ತದೆ.

“ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಪಡೆಯಲಾಗಿದೆ.”

ಭಾರತದಲ್ಲಿ ಇದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಫಲ. ಹೆಚ್ಚಿಗೆ ಹೇಳುವುದೇನಿಲ್ಲ.

“ಎಲ್ಲ ಇಲಿಗಳ ವಂಶವೂ ಆಹಾರವೂ ಒಂದೇ ಆಗಿದ್ದವು.”

ಪ್ರಯೋಗಕ್ಕೆ ಇದು ಶಿಸ್ತು. ಮನುಷ್ಯರ ಹಿನ್ನೆಲೆಯೂ ಊಟವೂ ಹಾಗೆ ಒಂದೇ ಇರುವುದಿಲ್ಲ ಎಂಬ ಪುಣೆಯ ತಕರಾರು ಶುರುವಾಗುವುದೂ ಇಲ್ಲೇ. ಪುಣೆಯ ಕೆಇಎಂ ಆಸ್ಪತ್ರೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ 1993ರಿಂದ ಪುಣೆ ಸುತ್ತಲಿನ ಹಳ್ಳಿಗಳ ತಾಯಂದಿರನ್ನೂ ಮಕ್ಕಳನ್ನೂ ನೋಡುತ್ತ ಬಂದವರು. ಅಲ್ಲಿನ ಶಿಶುಗಳ ಸರಾಸರಿ ತೂಕ 2.7 ಕಿಲೊ, ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳದು 3.5. ಪುಣೆಯ ಶಿಶುಗಳ ಸ್ನಾಯು ಸೊರಗಿದ್ದರೂ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕರಗಿರಲಿಲ್ಲ. ಮುಂದೆ ಆನಂದವರ್ಧನ್ ಹರ್ಡೀಕರ್ ಮತ್ತು ಯಾಜ್ಞಿಕ್ ಮೊದಲಾದವರು 50 ತಲೆಮಾರು ಅರೆಹೊಟ್ಟೆಯಲ್ಲಿ ಬೆಳೆದ ವಿಸ್ಟಾರ್ ತಳಿಯ ದೊಡ್ಡ ಇಲಿಗಳನ್ನು ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಇವುಗಳ ವಂಶವಾಹಿಗೆ ಯಾರೂ ಕೈಹಾಕಿರಲಿಲ್ಲ. ಆದರೂ ಇನ್ಸುಲಿನ್ ಹೆಚ್ಚಿತ್ತು, ಬಿ12 ಕಡಿಮೆಯಿತ್ತು, ಅಪಧಮನಿ ರೋಗದ ಜೊತೆ ಕಾಣಿಸಿಕೊಳ್ಳುವ ಹೋಮೊಸಿಸ್ಟೀನ್ ಏರಿತ್ತು. ಹಸಿವೂ ಒತ್ತಡವೇ, ಗೂಡು ಓರೆ ಮಾಡಿದಷ್ಟು ಸುಲಭವಾಗಿ ನೇರ ಮಾಡಲಾಗದ ಒತ್ತಡ. ಆಮೇಲೆ ಎರಡು ತಲೆಮಾರು ಹೊಟ್ಟೆತುಂಬ ಆಹಾರ ಕೊಟ್ಟು ನೋಡಿದರೂ ಈ ದೋಷಗಳು ಹಿಂದಕ್ಕೆ ಹೋಗಲಿಲ್ಲ.